ಹಿತ್ತಲ ಬಾಗಿಲಲ್ಲಿ ನಿಂತ ಡಾಕ್ಟರು

'ಲೋಕಂ' ಅನ್ನೋ ಪದ ಮೊದಲ ಸಲ ಕಿವಿಗೆ ಬಿದ್ದಾಗ ಯಾವುದೋ ಹಳಗನ್ನಡ ಕಾವ್ಯದ ತುಂಡು ಅನ್ನಿಸುತ್ತೆ. ಪಂಪನಲ್ಲೋ ರನ್ನನಲ್ಲೋ ಎಲ್ಲೋ ಓದಿದ ಹಾಗೆ. ಅಲ್ಲ, ಅದು ಲ್ಯಾಟಿನ್. ಪೂರ್ತಿ ಹೆಸರು 'ಲೋಕಂ ಟೆನೆನ್ಸ್', ಅಂದರೆ ಜಾಗ ಹಿಡಿದುಕೊಂಡಿರುವವನು. ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಟವಲ್ ಹಾಕಿ ಸೀಟು ಹಿಡಿಯೋದು ಗೊತ್ತಲ್ಲ, ಆ ಟವಲ್ಲೇ ಲೋಕಂ. ಸೈನ್ಯದ 'ಲೆಫ್ಟಿನೆಂಟ್' ಕೂಡ ಇದೇ ಅರ್ಥದ ಫ್ರೆಂಚ್ ರೂಪ. ಅವನಿಗೆ ಸಮವಸ್ತ್ರ, ಸೆಲ್ಯೂಟು ಎಲ್ಲ ಸಿಕ್ಕಿತು. ಆಸ್ಪತ್ರೆಯ ಲೋಕಂಗೆ ಸಿಕ್ಕಿದ್ದು ಯಾರೂ ಬೇಡ ಅಂದ ರಾತ್ರಿ ಪಾಳಿ. ಕಾಯಂ ಡಾಕ್ಟರು ರಜೆ ಹೋದಾಗ, ಕಾಯಿಲೆ ಬಿದ್ದಾಗ, ಹೆರಿಗೆಗೆ ಹೋದಾಗ ಅಥವಾ ಹುದ್ದೆಯೇ ಖಾಲಿ ಬಿದ್ದಿದ್ದಾಗ ಬಂದು, ಒಂದು ರಾತ್ರಿಯೋ ಮೂರು ತಿಂಗಳೋ ಕೆಲಸ ಮಾಡಿ ಹೋಗುವ ಬದಲಿ ವೈದ್ಯ ಅವನು.

ಇಂಗ್ಲೆಂಡಿನಲ್ಲಿ ಆಗಸ್ಟ್ ತಿಂಗಳ ಮೊದಲ ಬುಧವಾರ ಕಿರಿಯ ವೈದ್ಯರೆಲ್ಲ ಹುದ್ದೆ ಬದಲಾಯಿಸುವ ದಿನ. ಅದಕ್ಕೆ ಒಂದೆರಡು ತಿಂಗಳು ಮುಂಚಿನಿಂದ ನನ್ನ ಮೇಲ್‌ಬಾಕ್ಸಿಗೆ ಸಿವಿಗಳು ಬರೋಕೆ ಶುರುವಾಗುತ್ತವೆ. ದಾವಣಗೆರೆ, ಬೆಳಗಾವಿ, ಮಂಗಳೂರು, ಕಲಬುರಗಿ ಕಡೆ ಓದಿ, ಪ್ಲಾಬ್ ಪರೀಕ್ಷೆ ಪಾಸು ಮಾಡಿ ಬಂದ ಮಕ್ಕಳು. 'ಸರ್, ಲೋಕಂ ಹುಡುಕ್ತಾ ಇದೀನಿ, ಸ್ವಲ್ಪ ಸಿವಿ ನೋಡಿ ಹೇಳ್ತೀರಾ?' ತೆಗೆದು ನೋಡಿದರೆ ಒಂಬತ್ತು ಪುಟ. ಬಲ ಮೂಲೆಯಲ್ಲಿ ಪಾಸ್‌ಪೋರ್ಟ್ ಫೋಟೋ. ತಂದೆಯ ಹೆಸರು, ಹುಟ್ಟಿದ ದಿನ, ಮದುವೆ ಆಗಿದೆಯೋ ಇಲ್ಲವೋ, ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಪರ್ಸೆಂಟು, ಪಿಯುಸಿಯಲ್ಲಿ ಎಷ್ಟು, ಸಿಇಟಿ ರ‍್ಯಾಂಕು. ಕೊನೆಗೆ ಮೇಲೆ ಹೇಳಿದ್ದೆಲ್ಲ ಸತ್ಯ ಎಂಬ ಪ್ರಮಾಣ, ಸ್ಥಳ, ದಿನಾಂಕ, ಸಹಿ. ಇದನ್ನ ಹಾಗೇ ಮದುವೆ ದಲ್ಲಾಳಿಗೆ ಕಳಿಸಿದರೂ ನಡೆಯುತ್ತೆ, ಜಾತಕ ಒಂದು ಲಗತ್ತಿಸಿದರೆ ಸಾಕು.

ಅವರನ್ನು ನೋಡಿ ನಗೋದು ತರವಲ್ಲ. ನಮ್ಮ ಕಡೆ ತಾತ್ಕಾಲಿಕ ವೈದ್ಯರ ಹುದ್ದೆಗೆ ಪೇಪರಿನಲ್ಲಿ 'ನೇರ ಸಂದರ್ಶನ' ಅಂತ ಪ್ರಕಟಣೆ ಬರುತ್ತೆ. ಮೂಲ ದಾಖಲೆ, ಒಂದು ಸೆಟ್ ಜೆರಾಕ್ಸ್, ಎರಡು ಫೋಟೋ ತೆಗೆದುಕೊಂಡು ಜಿಲ್ಲಾ ಕಚೇರಿಯ ಮುಂದೆ ಸಾಲು ನಿಲ್ಲಬೇಕು. ಅಲ್ಲಿ ಮನುಷ್ಯನಿಗಿಂತ ಮಾರ್ಕ್ಸ್ ಕಾರ್ಡು ಮುಖ್ಯ, ಮಾರ್ಕ್ಸ್ ಕಾರ್ಡಿಗಿಂತ ಅದರ ಮೇಲಿನ ಗೆಜೆಟೆಡ್ ಅಧಿಕಾರಿಯ ಸೀಲು ಮುಖ್ಯ. ಆ ಅಭ್ಯಾಸದಲ್ಲಿ ಬೆಳೆದವರು ಇಲ್ಲಿಗೂ ಅದನ್ನೇ ತರುತ್ತಾರೆ. ಬ್ರಿಟನ್ನಿನಲ್ಲಿ ಲೋಕಂ ಸಿವಿ ಬೇರೆ ಜಾತಿಯ ಪ್ರಾಣಿ. ಯಾಕೆ ಹಾಗೆ ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇತಿಹಾಸ ಗೊತ್ತಾದರೆ ಯಾವ ಸಾಲನ್ನು ಎಲ್ಲಿ ಬರೆಯಬೇಕು ಅನ್ನೋದು ಅರ್ಧ ತಾನಾಗೇ ಗೊತ್ತಾಗುತ್ತೆ ಅಂತ ನನ್ನ ನಂಬಿಕೆ.

19ನೇ ಶತಮಾನದ ಇಂಗ್ಲೆಂಡಿನಲ್ಲಿ ಡಾಕ್ಟರಿಕೆ ಒಂದು ಅಂಗಡಿ ಇದ್ದ ಹಾಗೆ. ಪ್ರಾಕ್ಟೀಸನ್ನು ಮಾರುತ್ತಿದ್ದರು, ಕೊಳ್ಳುತ್ತಿದ್ದರು. ಅಂಗಡಿ ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಹಾಗಾಗಿ ಮಾಲೀಕ ಊರಿಗೆ ಹೋಗುವಾಗ ಗಲ್ಲಾದ ಮೇಲೆ ಯಾರನ್ನಾದರೂ ಕೂರಿಸಲೇಬೇಕು. ಲ್ಯಾನ್ಸೆಟ್ ಪತ್ರಿಕೆ 1823ರಲ್ಲಿ ಶುರುವಾಯಿತು. ಮುಂದೆ ಬ್ರಿಟಿಷ್ ಮೆಡಿಕಲ್ ಜರ್ನಲ್ ಆದ ಪತ್ರಿಕೆ 1840ರಲ್ಲಿ. ಮುಂದಿನ ಪುಟಗಳಲ್ಲಿ ಕಾಲರಾ ಚರ್ಚೆ, ಜಾಹೀರಾತಿನ ಪುಟಗಳಲ್ಲಿ 'ಬದಲಿ ಬೇಕಾಗಿದ್ದಾರೆ', 'ಬದಲಿಯಾಗಿ ಬರುತ್ತೇನೆ'. ಮೂರು ನಾಲ್ಕು ಸಾಲಿನ ಆ ಜಾಹೀರಾತುಗಳೇ ಲೋಕಂ ಸಿವಿಯ ಮೂಲಪುರುಷರು ಅಂತ ನಾನು ಅಂದುಕೊಂಡಿದ್ದೇನೆ.

ಆ ಕಾಲದ ಒಬ್ಬ ಬದಲಿಯ ಕಥೆ ನಿಮಗೆಲ್ಲ ಗೊತ್ತಿರುವ ಹೆಸರಿನದು. ಷರ್ಲಾಕ್ ಹೋಮ್ಸ್‌ನನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದಾಗ ಮನೆಯಲ್ಲಿ ದುಡ್ಡಿಗೆ ತಾಪತ್ರಯ. 1878ರಲ್ಲಿ, ಇನ್ನೂ 19 ವರ್ಷದ ಹುಡುಗ, ಶೆಫೀಲ್ಡಿನ ಒಬ್ಬ ಡಾಕ್ಟರ ಹತ್ತಿರ ಸಹಾಯಕನಾಗಿ ಸೇರಿದ. ಮೂರೇ ವಾರಕ್ಕೆ ವಾಪಸ್! ಆಮೇಲೆ ಹಳ್ಳಿಯೊಂದರಲ್ಲಿ ಕೆಲವು ತಿಂಗಳು, ಆಮೇಲೆ ಬರ್ಮಿಂಗ್‌ಹ್ಯಾಮ್. 1880ರಲ್ಲಿ ಸಹಪಾಠಿಯೊಬ್ಬ ಬಂದು, 'ತಿಮಿಂಗಿಲ ಹಿಡಿಯೋ ಹಡಗಿಗೆ ಸರ್ಜನ್ ಆಗಿ ಹೋಗೋದಿತ್ತು, ನನಗೆ ಆಗ್ತಾ ಇಲ್ಲ, ನೀನು ಹೋಗ್ತೀಯಾ?' ಅಂತ ಕೇಳಿದ. ಸ್ನೇಹಿತ ತನಗಾಗಿ ಜೋಡಿಸಿಟ್ಟಿದ್ದ ಸಾಮಾನನ್ನೇ ಎತ್ತಿಕೊಂಡು ಈತ 'ಹೋಪ್' ಎಂಬ ಹಡಗು ಹತ್ತಿ ಉತ್ತರ ಧ್ರುವದ ಕಡೆ ಹೊರಟ. ಸಂಬಳ ತಿಂಗಳಿಗೆ 2 ಪೌಂಡು 10 ಶಿಲಿಂಗು, ಮೇಲೆ ತಿಮಿಂಗಿಲದ ಎಣ್ಣೆ ಟನ್ನಿಗೆ 3 ಶಿಲಿಂಗು. ಡಿಗ್ರಿ ಇನ್ನೂ ಕೈಗೆ ಬಂದಿರಲಿಲ್ಲ. ಯಾರೂ ಸಿವಿ ಕೇಳಲಿಲ್ಲ. ಸ್ನೇಹಿತನ ಮಾತೇ ಸಿವಿ.

ಇದನ್ನು ಓದುವಾಗ ರೋಮಾಂಚನ ಆಗುತ್ತೆ, ನಿಜ. ಆದರೆ ಆ ಹಡಗಿನ ನಾವಿಕನ ಕಡೆಯಿಂದ ಯೋಚಿಸಿ. ಕಾಲು ಮುರಿದರೆ ನೋಡುವವನು ಮೂರನೇ ವರ್ಷದ ವಿದ್ಯಾರ್ಥಿ! ಒಬ್ಬರ ಗುರುತು, ಇನ್ನೊಬ್ಬರ ಮಾತು, ಮಗದೊಬ್ಬರ ಪತ್ರ, ಇಷ್ಟರ ಮೇಲೆ ಬದಲಿ ವೈದ್ಯರ ವ್ಯವಹಾರ ನಡೆಯುತ್ತಿತ್ತು. ಗುರುತಿದ್ದವರಿಗೆ ಕೆಲಸ. ಗುರುತಿಲ್ಲದವರು ಏನು ಮಾಡಬೇಕು?

ಅದಕ್ಕೆ ಅರ್ಧ ಉತ್ತರ ಆಗಲೇ ಬಂದಿತ್ತು. 1858ರ ಮೆಡಿಕಲ್ ಆಕ್ಟ್ ಜನರಲ್ ಮೆಡಿಕಲ್ ಕೌನ್ಸಿಲನ್ನು, ಅಂದರೆ ಇವತ್ತಿನ ಜಿಎಂಸಿಯನ್ನು ಹುಟ್ಟುಹಾಕಿತು. ಯಾರು ಓದಿದ ವೈದ್ಯ, ಯಾರು ಅಲ್ಲ ಅಂತ ಜನಕ್ಕೆ ತಿಳಿಯಲಿ ಎಂದು ಒಂದು ರಿಜಿಸ್ಟರ್ ಮಾಡಿದರು. ಅಲ್ಲಿಂದಾಚೆ ಹೆಸರು ರಿಜಿಸ್ಟರಿನಲ್ಲಿದ್ದರೆ ಡಾಕ್ಟರು. ಇವತ್ತು ನಾವು ಸಿವಿಯ ತಲೆಯ ಮೇಲೆ ಏಳು ಅಂಕಿಯ ಜಿಎಂಸಿ ನಂಬರ್ ಬರೆಯುತ್ತೇವಲ್ಲ, ಅದರ ಬೇರು ಇಲ್ಲಿದೆ. ಪತ್ರ ತಂದವನ ಜಾಗದಲ್ಲಿ ನಂಬರ್ ಇದ್ದವನು ಬಂದ.

ಉಳಿದರ್ಧ ಉತ್ತರ ಅಷ್ಟು ಸುಲಭವಾಗಿ ಬರಲಿಲ್ಲ. ಹೆಣ್ಣುಮಕ್ಕಳನ್ನೇ ನೋಡಿ. 1876ರ ಕಾಯ್ದೆ ಅವರಿಗೂ ಪರೀಕ್ಷೆಗೆ ದಾರಿ ಮಾಡಿತು, ಹೆಸರು ರಿಜಿಸ್ಟರಿಗೆ ಬಂತು. ಆದರೆ ದೊಡ್ಡ ಆಸ್ಪತ್ರೆಗಳು ಕೆಲಸ ಕೊಡಲಿಲ್ಲ. 1914ರಲ್ಲಿ ಯುದ್ಧ ಶುರುವಾಗಿ ಗಂಡಸರು ಹೋದ ಮೇಲೆ ನೋಡಿ, ಅವೇ ಆಸ್ಪತ್ರೆಗಳಿಗೆ ಮಹಿಳಾ ವೈದ್ಯರು ಬೇಕಾದರು. ಲಂಡನ್ನಿನ ಕೆಲವು ವೈದ್ಯಕೀಯ ಶಾಲೆಗಳೂ ಹುಡುಗಿಯರನ್ನು ಸೇರಿಸಿಕೊಂಡವು. ಯುದ್ಧ ಮುಗಿಯಿತು, ಗಂಡಸರು ಬಂದರು, 1920ರ ದಶಕದಲ್ಲಿ ಅವುಗಳಲ್ಲಿ ಹಲವು ಶಾಲೆಗಳು ಮತ್ತೆ ಬಾಗಿಲು ಹಾಕಿದವು. ಟವಲ್ ತೆಗೆದು ಹೊರಗೆಸೆದರು. ಮುಂಬಾಗಿಲಲ್ಲಿ ಬೇಡ ಅಂದವರನ್ನು ಹಿತ್ತಲ ಬಾಗಿಲಲ್ಲಿ, ಅದೂ ತಮಗೆ ಬೇಕಾದಾಗ ಮಾತ್ರ, ಒಳಗೆ ಬಿಡೋದು ತಾತ್ಕಾಲಿಕ ವೈದ್ಯಕೀಯ ಕೆಲಸದ ಹಳೇ ಚಾಳಿ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಇಲ್ಲಿ ಹಿತ್ತಲಲ್ಲಿ ಬಂದವನು ಡಾಕ್ಟರೇ ಅಲ್ಲ.

ನಮ್ಮವರ ಕಥೆ ಇದಕ್ಕಿಂತ ಉದ್ದ. ಭಾರತದ ವೈದ್ಯ ಪದವಿಗಳಿಗೆ ಜಿಎಂಸಿ ಕೊಟ್ಟಿದ್ದ ಮಾನ್ಯತೆಯನ್ನು 1930ರಲ್ಲಿ ಕಿತ್ತುಕೊಂಡಿತು. ಹೆರಿಗೆಯ ತರಬೇತಿ ಸಾಲದು ಅನ್ನೋದು ಕಾರಣ. ಇಲ್ಲಿ ಗಲಾಟೆ ಆಯಿತು, 1933ರಲ್ಲಿ ಇಂಡಿಯನ್ ಮೆಡಿಕಲ್ ಕೌನ್ಸಿಲ್ ಕಾಯ್ದೆ ಬಂತು, 1936ರಲ್ಲಿ ಮಾನ್ಯತೆ ವಾಪಸು ಬಂತು. 1948ರ ಜುಲೈ 5ರಂದು ಎನ್‌ಎಚ್‌ಎಸ್ ಹುಟ್ಟಿತು. ಆಸ್ಪತ್ರೆಗಳು ಬೆಳೆದವು, ಡಾಕ್ಟರುಗಳು ಸಾಲಲಿಲ್ಲ. 1970ರ ದಶಕದ ಆರಂಭದ ಹೊತ್ತಿಗೆ ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ ಹತ್ತಿರ ಹತ್ತಿರ ಮೂವರು ವೈದ್ಯರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿ ಓದಿ ಬಂದವರು. ವಲಸಿಗರ ವಿರುದ್ಧ 1968ರಲ್ಲಿ ಗುಡುಗಿದ ಈನಕ್ ಪೊವೆಲ್ 1960ರಿಂದ 63ರವರೆಗೆ ಆರೋಗ್ಯ ಮಂತ್ರಿ ಆಗಿದ್ದವರೇ. ಅವರ ಕಾಲದಲ್ಲೇ ಬಂದ 1962ರ ಆಸ್ಪತ್ರೆ ಯೋಜನೆಗೆ ಕೈ ಕೊಟ್ಟವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಈ ಜನ ಹೋದದ್ದೆಲ್ಲಿಗೆ? ಹಿರಿಯರು ಹೇಳುವ ಕಥೆಗಳನ್ನು ನಾನು ಕೇಳಿದ್ದೇನೆ, ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಅಂಥವರ ಸಂದರ್ಶನಗಳ ಧ್ವನಿಮುದ್ರಣಗಳೂ ಇವೆ. ಹೃದಯ ತಜ್ಞನಾಗಬೇಕು, ಸರ್ಜನ್ ಆಗಬೇಕು ಅಂತ ಬಂದವರು ಅರ್ಜಿ ಹಾಕಿ ಹಾಕಿ ಸೋತು ಕೊನೆಗೆ ವೃದ್ಧರ ವಾರ್ಡಿಗೋ ಮನೋರೋಗ ವಿಭಾಗಕ್ಕೋ ಸೇರಿಕೊಂಡರು. ಅಲ್ಲಿನವರಿಗೆ ಅದು ಬೇಡದ ವಿಭಾಗ. ದಾರಿ ಬಹಳ ಸಲ ಒಂದೇ: ಮೊದಲು ಎರಡು ವಾರದ ಲೋಕಂ, ಕೆಲಸ ನೋಡಿ ಕನ್ಸಲ್ಟೆಂಟ್ ಮೆಚ್ಚಿಕೊಂಡರೆ ಆರು ತಿಂಗಳು, ಆಮೇಲೆ ಕಾಯಂ. ಬ್ರಿಟನ್ನಿನ ವೃದ್ಧರ ವೈದ್ಯಕೀಯ ಬೆಳೆದಿದ್ದರಲ್ಲಿ ಇವರ ಪಾಲು ದೊಡ್ಡದು ಅಂತ ಇವತ್ತು ಸಂಶೋಧಕರು ಬರೆಯುತ್ತಾರೆ. ಆಗ ಅವರನ್ನು ಆ ಕಡೆ ತಳ್ಳಿದ್ದಕ್ಕೆ ಯಾರೂ ಅಂಥ ಒಳ್ಳೆ ಪದ ಬಳಸಿರಲಿಲ್ಲ.

ಇನ್ನೊಂದು ವಿಚಿತ್ರ ಇತ್ತು, ತಾತ್ಕಾಲಿಕ ನೋಂದಣಿ ಅಂತ. ಮಾನ್ಯತೆ ಇಲ್ಲದ ಕಾಲೇಜಿನಲ್ಲಿ ಓದಿ ಬಂದವರಿಗೆ ಒಂದು ಹುದ್ದೆಗೆ ಮಾತ್ರ ನೋಂದಣಿ. ಹುದ್ದೆ ಬದಲಾದರೆ ನೋಂದಣಿಯೂ ಹೊಸದಾಗಬೇಕು. 1975ರಲ್ಲಿ ಇಂಥವರಿಗೆ ಭಾಷೆ ಮತ್ತು ವೈದ್ಯಕೀಯ ಜ್ಞಾನದ ಪರೀಕ್ಷೆ ತಂದರು, ಭಾರತದ ಪದವಿಗಳ ಮಾನ್ಯತೆಗೂ ಆಗಲೇ ಮತ್ತೆ ಕತ್ತರಿ ಬಿತ್ತು. ಆ ಪರೀಕ್ಷೆಯ ವಂಶದಲ್ಲಿ ಹುಟ್ಟಿದ್ದೇ ಇವತ್ತಿನ ಪ್ಲಾಬ್. 1978ರ ಕಾಯ್ದೆ ತಾತ್ಕಾಲಿಕ ನೋಂದಣಿಯ ಬದಲು 'ಸೀಮಿತ ನೋಂದಣಿ' ತಂದಿತು, ಅದು 2007ರವರೆಗೂ ಇತ್ತು. ನಾನು ಬಂದಿದ್ದೂ ಅದರ ಮೇಲೇ. ಕೆಲಸವೂ ತಾತ್ಕಾಲಿಕ, ವೀಸಾನೂ ತಾತ್ಕಾಲಿಕ, ಡಾಕ್ಟರ್ ಅನ್ನಿಸಿಕೊಳ್ಳೋದೂ ಸೀಮಿತ!

ಈಗ ಹೆಸರಿನ ವಿಷಯಕ್ಕೆ ಬರ್ತೀನಿ. ಸಿವಿಯಲ್ಲಿ ಮೊದಲು ಬರೆಯೋದು ಅದನ್ನೇ, ನಮ್ಮ ಕೈಯಲ್ಲಿ ಇಲ್ಲದ್ದೂ ಅದೇ.

ಲಂಡನ್ನಿನ ಸೇಂಟ್ ಜಾರ್ಜಸ್ ವೈದ್ಯಕೀಯ ಶಾಲೆಯಲ್ಲಿ ವಿದ್ಯಾರ್ಥಿಗಳ ಅರ್ಜಿಗಳನ್ನು ಜರಡಿ ಹಿಡಿಯೋಕೆ ಒಂದು ಕಂಪ್ಯೂಟರ್ ಪ್ರೋಗ್ರಾಂ ಬಳಸುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಮನುಷ್ಯರು ಹೇಗೆ ಆರಿಸಿದ್ದರೋ ಹಾಗೇ ಆರಿಸು ಅಂತ ಅದಕ್ಕೆ ಕಲಿಸಿದ್ದರು. ಅದು ಎಷ್ಟು ಚೆನ್ನಾಗಿ ಕಲಿತಿತ್ತು ಅಂದರೆ, ಹೆಸರು ಯುರೋಪಿನದ್ದಲ್ಲ ಅನ್ನಿಸಿದರೆ ಅಂಕ ಕಳೆಯುತ್ತಿತ್ತು, ಹೆಣ್ಣಾದರೂ ಕಳೆಯುತ್ತಿತ್ತು. ಅಲ್ಲಿನ ಇಬ್ಬರು ವೈದ್ಯರೇ ಅದನ್ನು ಬಯಲಿಗೆಳೆದರು. 1988ರಲ್ಲಿ ಜನಾಂಗ ಸಮಾನತೆಯ ಆಯೋಗ ವರದಿ ಕೊಟ್ಟು ತಪ್ಪು ಅಂದಿತು. ಪಾಪ, ಕಂಪ್ಯೂಟರನ್ನು ಬಯ್ಯುವಂತಿಲ್ಲ, ಅದು ಗುರುಗಳನ್ನು ಕಾಪಿ ಹೊಡೆದಿತ್ತು ಅಷ್ಟೆ.

ಐದು ವರ್ಷ ಕಳೆದು, 1993ರಲ್ಲಿ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಎರಡು ಪುಟದ ಒಂದು ಲೇಖನ ಬಂತು. ಬರೆದವರು ಅನೀಸ್ ಇಸ್ಮಾಯಿಲ್ ಮತ್ತು ಸ್ಯಾಮ್ ಎವರಿಂಗ್ಟನ್, ಇಬ್ಬರೂ ವೈದ್ಯರು. ಅವರು ಮಾಡಿದ್ದು ಬಹಳ ಸರಳ. ವಯಸ್ಸು, ಓದು, ಅನುಭವ ಎಲ್ಲ ಸರಿಸಮ ಇರುವ ಸಿವಿಗಳನ್ನು ಕಲ್ಪಿಸಿ ಬರೆದರು. ಎಲ್ಲರೂ ಬ್ರಿಟನ್ನಿನಲ್ಲೇ ಓದಿದವರು. ಕೆಲವಕ್ಕೆ ಇಂಗ್ಲಿಷ್ ಹೆಸರು, ಕೆಲವಕ್ಕೆ ಏಷ್ಯಾದ ಹೆಸರು. ಸೀನಿಯರ್ ಹೌಸ್ ಆಫೀಸರ್ ಎಂಬ, ಸಾಮಾನ್ಯವಾಗಿ ಆರಾರು ತಿಂಗಳಿನ 23 ಹುದ್ದೆಗಳಿಗೆ ಜೋಡಿ ಜೋಡಿಯಾಗಿ ಕಳಿಸಿದರು. ಇಂಗ್ಲಿಷ್ ಹೆಸರಿನವರು ಸಂದರ್ಶನದ ಪಟ್ಟಿಗೆ ಬರುವ ಸಾಧ್ಯತೆ ಎರಡು ಪಟ್ಟು ಇತ್ತು. ಇದಕ್ಕಿಂತ ಸ್ವಾರಸ್ಯ ಮುಂದಿದೆ: ಇಲ್ಲದ ವೈದ್ಯರ ಹೆಸರಲ್ಲಿ ಸುಳ್ಳು ಅರ್ಜಿ ಹಾಕಿದರು ಅಂತ ಪೊಲೀಸರು ಇಬ್ಬರನ್ನೂ ಬಂಧಿಸಿದರು! ಮೊಕದ್ದಮೆ ಮುಂದುವರಿಯಲಿಲ್ಲ, ಆ ಮಾತು ಬೇರೆ. 1997ರಲ್ಲಿ ಅವರು ಮತ್ತೆ ಪರೀಕ್ಷೆ ಮಾಡಿದರು, ತಾರತಮ್ಯ ಇನ್ನೂ ಇತ್ತು. ಇಸ್ಮಾಯಿಲ್ ಮುಂದೆ ಶಿಪ್‌ಮನ್ ಎಂಬ ಕೊಲೆಗಾರ ವೈದ್ಯನ ವಿಚಾರಣಾ ಆಯೋಗಕ್ಕೆ ವೈದ್ಯಕೀಯ ಸಲಹೆಗಾರರಾದರು, ಎವರಿಂಗ್ಟನ್‌ಗೆ ಸರ್ ಪದವಿ ಬಂತು.

ನಾನು ಈ ದೇಶಕ್ಕೆ ಕಾಲಿಟ್ಟಿದ್ದು ಆ ಎರಡು ಲೇಖನಗಳ ನಡುವೆ. ಪ್ಲಾಬ್ ಪಾಸಾಗಿ ಎಂಬತ್ತರ ಮೇಲೆ ಅರ್ಜಿ ಹಾಕಿದ್ದೆ, ಒಂದೊಂದಕ್ಕೂ ಅಂಚೆ ಖರ್ಚು ಲೆಕ್ಕ ಹಾಕಿ. ಮೊದಲ ಕೆಲಸ ಸಿಕ್ಕಿದ್ದು ಕ್ರಿಸ್‌ಮಸ್ ವಾರದಲ್ಲಿ, ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಏಳು ದಿನದ ಲೋಕಂ. ಕ್ರಿಸ್‌ಮಸ್‌ಗೆ ಎಲ್ಲರಿಗೂ ರಜೆ ಬೇಕು, ಹಿತ್ತಲ ಬಾಗಿಲು ಅಗಲವಾಗಿ ತೆರೆದಿರುತ್ತೆ. ಅಲ್ಲಿನ ಕನ್ಸಲ್ಟೆಂಟ್ ನನ್ನ ಸಿವಿಯಲ್ಲಿ ನೋಡಿದ್ದು ಯಾವುದನ್ನು ಗೊತ್ತೇ? ಚಿನ್ನದ ಪದಕವನ್ನಲ್ಲ. ನಮ್ಮ ಕಡೆಯ ಜಿಲ್ಲಾಸ್ಪತ್ರೆಯಲ್ಲಿ ರಾತ್ರಿ ಒಬ್ಬನೇ ಎಮರ್ಜೆನ್ಸಿ ನೋಡುತ್ತಿದ್ದೆ ಅನ್ನೋ ಒಂದು ಸಾಲನ್ನು.

ಕರ್ನಾಟಕದವರ ಹೆಸರಿಗೆ ಇನ್ನೊಂದು ತೊಡಕಿದೆ, ಇದನ್ನು ಉತ್ತರ ಭಾರತದವರಿಗೆ ವಿವರಿಸೋದೂ ಕಷ್ಟ. ನಮ್ಮ ಹಳೇ ಮೈಸೂರು ಕಡೆ ಬಹಳ ಜನಕ್ಕೆ ಸರ್‌ನೇಮೇ ಇಲ್ಲ. ಹೆಚ್. ಬಿ. ಶಿವಕುಮಾರ ಅಂತ ಒಬ್ಬ ಇದ್ದಾನೆ ಅಂದುಕೊಳ್ಳಿ. ಹೆಚ್ ಅಂದರೆ ಹರಿಹರ, ಊರು. ಬಿ ಅಂದರೆ ಬಸಪ್ಪ, ಅಪ್ಪ. ಎಂಬಿಬಿಎಸ್ ಸರ್ಟಿಫಿಕೇಟಿನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರು, ಸರ್‌ನೇಮ್ ಜಾಗದಲ್ಲಿ ಅಪ್ಪ. ರಿಜಿಸ್ಟರಿನಲ್ಲಿ ಪಾಸ್‌ಪೋರ್ಟಿನ ಹಾಗೆ. ಸಿವಿಯಲ್ಲಿ ತನಗಿಷ್ಟ ಅಂತ 'ಶಿವ್ ಕುಮಾರ್'. ವಾರ್ಡಿನಲ್ಲಿ ನರ್ಸುಗಳು ಕೂಗೋದು 'ಡಾಕ್ಟರ್ ಬಸಪ್ಪ'. ಊರಲ್ಲಿ ಕೂತ ಬಸಪ್ಪನವರಿಗೆ ಮಗನ ಕೆಲಸವೆಲ್ಲ ತಮ್ಮ ಹೆಸರಲ್ಲಿ ನಡೀತಿದೆ ಅಂತ ಗೊತ್ತೇ ಇಲ್ಲ! ನಗು ಹಾಗಿರಲಿ, ಏಜೆನ್ಸಿಯ ಹುಡುಗಿ ಸಿವಿ ನೋಡಿ ಜಿಎಂಸಿ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕುತ್ತಾಳೆ. ಸಿಗದಿದ್ದರೆ ಮುಂದಿನ ಸಿವಿ ತೆಗೆಯುತ್ತಾಳೆ, ಅವಳಿಗೆ ಸಂಜೆಯೊಳಗೆ ರಾತ್ರಿ ಪಾಳಿ ತುಂಬಬೇಕು. ಅದಕ್ಕೇ ಹೇಳೋದು, ರಿಜಿಸ್ಟರಿನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೇ ಬರೆಯಿರಿ, ಪಕ್ಕದಲ್ಲೇ ನಂಬರ್ ಹಾಕಿ, ಕರೆಯೋ ಹೆಸರನ್ನು ಬೇಕಾದರೆ ಕೆಳಗೆ ಬರೆಯಿರಿ. ಹೆಸರನ್ನು ಇಂಗ್ಲಿಷರಿಗೆ ಹಿತವಾಗುವ ಹಾಗೆ ಕತ್ತರಿಸಬೇಕೇ ಅಂತ ಕೆಲವರು ಕೇಳುತ್ತಾರೆ. ನಾನು ಬೇಡ ಅಂತೀನಿ. ಇದು ಸ್ವಾಭಿಮಾನದ ಭಾಷಣ ಅಲ್ಲ. ಎರಡು ಹೆಸರಿನ ಡಾಕ್ಟರನ್ನು ಈಗ ಯಾರೂ ನಂಬಲ್ಲ, ಅಷ್ಟೆ.

2006–07ರ ಗಲಾಟೆಯನ್ನು ಚುಟುಕಾಗಿ ಹೇಳಿ ಮುಗಿಸ್ತೀನಿ. ಆ ಹೊತ್ತಿಗೆ ಪ್ಲಾಬ್ ಬರೆದ ನಮ್ಮ ಹುಡುಗರು ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಒಂದೊಂದು ರೂಮಿಗೆ ನಾಲ್ಕೈದು ಜನ ತುಂಬಿಕೊಂಡು ಒಂದು ಹುದ್ದೆಗೆ ನೂರಾರು ಜನ ಅರ್ಜಿ ಹಾಕುತ್ತಿದ್ದರು. 2006ರ ಏಪ್ರಿಲ್‌ನಲ್ಲಿ ಸರಕಾರ ವರ್ಕ್ ಪರ್ಮಿಟ್ ಇಲ್ಲದೆ ತರಬೇತಿ ಪಡೆಯುವ ಸೌಲಭ್ಯವನ್ನೇ ತೆಗೆಯಿತು. ಭಾರತ ಮೂಲದ ವೈದ್ಯರ ಸಂಘ ಬಾಪಿಯೋ ಕೋರ್ಟಿಗೆ ಹೋಯಿತು. ಇವರನ್ನು ಹಿಂದಿನ ಸಾಲಿಗೆ ತಳ್ಳಿದ ಸರಕಾರಿ ಸೂಚನೆ ಕಾನೂನುಬಾಹಿರ ಅಂತ 2008ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಎಷ್ಟೋ ಜನ ಗಂಟುಮೂಟೆ ಕಟ್ಟಿ ಆಗಿತ್ತು. ನಡುವೆ 2007ರಲ್ಲಿ ತರಬೇತಿ ಹುದ್ದೆಗಳಿಗೆ ಸಿವಿಯೇ ಬೇಡ, ಆನ್‌ಲೈನ್ ಫಾರಂನಲ್ಲಿ ಸಣ್ಣ ಪ್ರಬಂಧ ಬರೆಯಿರಿ ಅಂತ ಎಂಟಾಸ್ ಎಂಬ ವ್ಯವಸ್ಥೆ ತಂದರು. ಹೆಸರು ನೋಡಿ ತಾರತಮ್ಯ ಆಗದಿರಲಿ ಅನ್ನೋ ಉದ್ದೇಶ ಅದರಲ್ಲಿ ಇತ್ತು, ಸರಿ. ಆದರೆ ಹತ್ತು ವರ್ಷ ಆಪರೇಷನ್ ಮಾಡಿದವನಿಗಿಂತ ಚೆನ್ನಾಗಿ ಕಥೆ ಕಟ್ಟುವವನಿಗೆ ಅಂಕ ಹೆಚ್ಚು ಬರೋ ಹಾಗಾಯಿತು. ಮಾರ್ಚ್ 17ರಂದು ಸಾವಿರಾರು ವೈದ್ಯರು ಲಂಡನ್ನಿನಲ್ಲಿ ಮೆರವಣಿಗೆ ಮಾಡಿದರು, ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟರು. ಲೋಕಂ ಲೋಕದಲ್ಲಿ ಸಿವಿ ಹೋಗಲೇ ಇಲ್ಲ. ರಾತ್ರಿ ಎಂಟಕ್ಕೆ ಡಾಕ್ಟರ್ ಬೇಕು ಅಂದರೆ ಪ್ರಬಂಧ ಓದೋಕೆ ಯಾರಿಗೆ ಪುರುಸೊತ್ತು?

ಇವತ್ತು ಲೋಕಂ ಸಿವಿಯನ್ನು ಇಷ್ಟು ಅನುಮಾನದಿಂದ ನೋಡುತ್ತಾರಲ್ಲ, ಅದಕ್ಕೆ ಕಾರಣವಾದ ಎರಡು ಪ್ರಕರಣ ಹೇಳಲೇಬೇಕು. 2008ರ ಫೆಬ್ರವರಿಯಲ್ಲಿ ಜರ್ಮನಿಯಿಂದ ವಿಮಾನದಲ್ಲಿ ಬಂದ ಡೇನಿಯಲ್ ಉಬಾನಿ ಎಂಬ ವೈದ್ಯ ಕೇಂಬ್ರಿಡ್ಜ್‌ಶೈರ್‌ನಲ್ಲಿ ಬ್ರಿಟನ್ನಿನ ತನ್ನ ಮೊದಲ ಪಾಳಿ ಮಾಡಿದ. ಕಿಡ್ನಿ ಕಲ್ಲಿನ ನೋವಿದ್ದ 70 ವರ್ಷದ ರೋಗಿಗೆ 100 ಮಿಲಿಗ್ರಾಂ ಡೈಮಾರ್ಫಿನ್ ಚುಚ್ಚಿದ, ಕೊಡಬೇಕಾದ್ದರ ಹತ್ತು ಪಟ್ಟು. ರೋಗಿ ಸತ್ತರು. ಒಂದು ಕಡೆ ಇಂಗ್ಲಿಷ್ ಸಾಲದು ಅಂತ ವಾಪಸು ಕಳಿಸಿದ್ದರು, ಇನ್ನೊಂದು ಕಡೆ ಪಟ್ಟಿಗೆ ಸೇರಿಸಿಕೊಂಡಿದ್ದರು. ಯುರೋಪಿನ ವೈದ್ಯರ ಭಾಷೆಯನ್ನೂ ಪರೀಕ್ಷಿಸುವ ಅಧಿಕಾರ ಜಿಎಂಸಿಗೆ ಬಂದಿದ್ದು 2014ರಲ್ಲಿ. ಐವತ್ತು ವರ್ಷ ಹೈದರಾಬಾದು, ಹುಬ್ಬಳ್ಳಿಯವರ ಇಂಗ್ಲಿಷನ್ನು ಅನುಮಾನಿಸುತ್ತಾ ಕೂತವರಿಗೆ ಪಕ್ಕದ ಮನೆಯವರ ಇಂಗ್ಲಿಷ್ ಕೇಳಿಸಿದ್ದು ಆಗ.

ಎರಡನೆಯದು ಜೋಲಿಯಾ ಅಲೆಮಿ. ನ್ಯೂಜಿಲೆಂಡಿನಲ್ಲಿ ವೈದ್ಯಕೀಯ ಪರೀಕ್ಷೆ ಪಾಸಾಗದಿದ್ದರೂ ಸುಳ್ಳು ಪದವಿ ಪತ್ರ ತೋರಿಸಿ 1995ರಲ್ಲಿ ಜಿಎಂಸಿ ನೋಂದಣಿ ಪಡೆದಳು. ಆಗ ಕೆಲವು ಕಾಮನ್‌ವೆಲ್ತ್ ದೇಶದವರಿಗೆ ಪ್ಲಾಬ್ ಇರಲಿಲ್ಲ. ಊರಿಂದ ಊರಿಗೆ ಓಡಾಡುತ್ತ ಸುಮಾರು 20 ವರ್ಷ ಮನೋವೈದ್ಯೆಯಾಗಿ ಕೆಲಸ ಮಾಡಿದಳು. ಸಿಕ್ಕಿಬಿದ್ದದ್ದು ರೋಗಿಯೊಬ್ಬರ ಉಯಿಲು ತಿದ್ದಿದ್ದಕ್ಕೆ, 2018ರಲ್ಲಿ. ಸುಳ್ಳು ಪದವಿಗೆ 2023ರಲ್ಲಿ 7 ವರ್ಷ ಶಿಕ್ಷೆ ಆಯಿತು. ಅವಳ ಕಥೆ ಬಯಲಾದ ಮೇಲೆ ಅದೇ ದಾರಿಯಲ್ಲಿ ಬಂದಿದ್ದ ಸುಮಾರು 3,000 ವೈದ್ಯರ ದಾಖಲೆಗಳನ್ನು ಮತ್ತೆ ತೆಗೆದು ನೋಡಿದರು. ಬಹಳ ಕಾಲ ಒಂದೇ ಕಡೆ ನಿಲ್ಲದವರನ್ನು ಯಾರೂ ಪೂರ್ತಿ ನೋಡಲ್ಲ. ಲೋಕಂ ಕೆಲಸದ ಸ್ವಾತಂತ್ರ್ಯವೂ ಅದೇ, ಅಪಾಯವೂ ಅದೇ. 2012ರ ಡಿಸೆಂಬರಿನಿಂದ ಐದು ವರ್ಷಕ್ಕೊಮ್ಮೆ ಪ್ರತಿ ವೈದ್ಯನ ಲೈಸೆನ್ಸ್ ಮರುಪರಿಶೀಲನೆ ಆಗಬೇಕು ಅಂತ ಆಯಿತು, ಲೋಕಂಗಳೂ ವರ್ಷ ವರ್ಷ ಯಾರಿಗಾದರೂ ಲೆಕ್ಕ ಒಪ್ಪಿಸಬೇಕು.

ಹಾಗಾಗಿ ಸಿವಿ ಓದುವಾಗ ನನ್ನ ಕಣ್ಣು ಮೊದಲು ಹೋಗೋದು ತಾರೀಕುಗಳ ಕಡೆ. ಇತ್ತೀಚಿನದು ಮೇಲೆ, ಹಳೆಯದು ಕೆಳಗೆ, ತಿಂಗಳು ಮತ್ತು ವರ್ಷ ಎರಡೂ ಇರಬೇಕು. '2019–2021' ಅಂತ ಬರೆದರೆ ಅದು ಮೂರು ವರ್ಷವೂ ಇರಬಹುದು, ಹದಿಮೂರು ತಿಂಗಳೂ ಇರಬಹುದು. ನಡುವೆ ಖಾಲಿ ಬಿಟ್ಟಿದ್ದರೆ ಓದುವವನಿಗೆ ಅಲೆಮಿ ನೆನಪಾಗುತ್ತಾಳೆ. ನಮ್ಮ ಹೆಣ್ಣುಮಕ್ಕಳು ಇಲ್ಲೇ ಎಡವೋದು. ಎರಡು ಬಾಣಂತನ, ಗಂಡನ ವೀಸಾ, ಅತ್ತೆಗೆ ಕಾಯಿಲೆ, ನಾಲ್ಕು ವರ್ಷ ಮನೆಯಲ್ಲಿ. ಅದನ್ನು ಹೇಗೋ ಮುಚ್ಚಿ, 'ಆಬ್ಸರ್ವರ್' ಅಂತ ಏನೋ ತುರುಕಿರುತ್ತಾರೆ. ಯಾಕಮ್ಮ? 'ಮಾರ್ಚ್ 2016ರಿಂದ ಜನವರಿ 2020: ಮಕ್ಕಳ ಆರೈಕೆ, ಕೊನೆಯ ಆರು ತಿಂಗಳು ಪ್ಲಾಬ್ ಓದು' ಅಂತ ಒಂದು ಸಾಲು ಸಾಕು. ಹೇಳಿದ ಖಾಲಿ ಜಾಗ ಯಾರನ್ನೂ ಹೆದರಿಸಲ್ಲ. ಮುಚ್ಚಿಟ್ಟದ್ದು ಹೆದರಿಸುತ್ತೆ.

ಇನ್ನೊಂದು ಕಡೆ ಇದ್ದದ್ದನ್ನೇ ಹೂತುಬಿಡುತ್ತಾರೆ. ಕರ್ನಾಟಕದ 2012ರ ಕಡ್ಡಾಯ ಸೇವೆಯ ಕಾಯ್ದೆಯಲ್ಲಿ ಹಳ್ಳಿಗೆ ಹೋಗಿ ಬಂದ ಹುಡುಗ ಆರನೇ ಪುಟದಲ್ಲಿ, 'ವೈದ್ಯಾಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಒಂದು ವರ್ಷ' ಅಂತ ಬರೆದು ಸುಮ್ಮನಾಗಿದ್ದ. ಕೇಳಿದರೆ ದಿನಕ್ಕೆ ನೂರು ಹೊರರೋಗಿಗಳು, ಹಾವು ಕಚ್ಚಿದವರು, ಹೊಲಕ್ಕೆ ಹೊಡೆಯೋ ಔಷಧಿ ಕುಡಿದವರು, ರಾತ್ರಿ ಕರೆಂಟಿಲ್ಲದಾಗ ಹೆರಿಗೆ, ಎಲ್ಲ ಒಬ್ಬನೇ. ಲೋಕಂ ಕರೆಯುವವರಿಗೆ ಬೇಕಾದ್ದು ಅದೇ ಮನುಷ್ಯ! ಇವತ್ತು ರಾತ್ರಿ ಬಂದು ನಿಂತರೆ ಏನು ಮಾಡಬಲ್ಲ, ಎಷ್ಟು ಸಲ ಮಾಡಿದ್ದಾನೆ, ಒಬ್ಬನೇ ಮಾಡುತ್ತಾನೋ ಹಿರಿಯರು ಪಕ್ಕದಲ್ಲಿರಬೇಕೋ, ಇದು ಮೊದಲ ಅರ್ಧ ಪುಟದಲ್ಲಿ ಇರಲಿ. ಬೆನ್ನುಹುರಿಯ ನೀರು ತೆಗೆದದ್ದು ಆರು ಸಲ ಅಂದರೆ ಆರು ಅಂತಲೇ ಬರೆಯಿರಿ. 'ಹಲವು' ಅಂದರೆ ನಾನು ಎರಡು ಅಂತ ಓದಿಕೊಳ್ತೀನಿ. ಹೆಚ್ಚಿಸಿ ಬರೆದರೆ ರಾತ್ರಿ ಎರಡು ಗಂಟೆಗೆ ರೋಗಿಯ ಮುಂದೆ ಲೆಕ್ಕ ಸರಿಹೋಗುತ್ತೆ, ಆ ಲೆಕ್ಕ ಯಾರಿಗೂ ಬೇಡ. ಎಸ್ಸೆಸ್ಸೆಲ್ಸಿ, ಫೋಟೋ, ಮದುವೆ, ಪ್ರಮಾಣ ವಚನ ತೆಗೆದುಬಿಡಿ. ಮೂರು ಪುಟ ಬಹಳ ಆಯಿತು.

ಕೊನೆಗೆ ರೆಫರಿಗಳು. ಮೂರು ದಿನ ಇಲ್ಲಿ, ಎರಡು ದಿನ ಅಲ್ಲಿ ಮಾಡುವವನನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಊರಿನ ಪ್ರೊಫೆಸರು 'ಸಭ್ಯ, ಶ್ರಮಜೀವಿ' ಅಂತ ಬರೆದ ಲೆಟರ್‌ಹೆಡ್ ಪತ್ರ ಇಲ್ಲಿ ನಡೆಯಲ್ಲ. ಪಾಳಿ ಮುಗಿದ ಬೆಳಿಗ್ಗೆಯೇ, ಕನ್ಸಲ್ಟೆಂಟ್ ಕಾಫಿ ಕುಡಿಯುವ ಹೊತ್ತಿಗೆ ಹೋಗಿ ಕೇಳಿಕೊಳ್ಳಿ, 'ನನ್ನ ಕೆಲಸದ ಬಗ್ಗೆ ನಾಲ್ಕು ಸಾಲು ಬರೆದು ಕೊಡ್ತೀರಾ?' ನಾಚಿಕೆ ಪಡಬೇಡಿ. ಅದಕ್ಕಿಂತ ಬೆಲೆ ಇರುವ ಒಂದು ಸಾಲು ಇನ್ನೊಂದಿದೆ. ಆ ತಿಮಿಂಗಿಲದ ಹಡಗಿನ ಕಪ್ತಾನ ಜಾನ್ ಗ್ರೇ, ಸ್ನೇಹಿತನ ಬದಲಿಗೆ ಬಂದಿದ್ದ ಹುಡುಗ ಡಾಯ್ಲ್‌ನ ಕೆಲಸ ನೋಡಿ, ಮುಂದಿನ ಸಲ ಬಾ, ಈಟಿ ಎಸೆಯೋದನ್ನೂ ನೀನೇ ಮಾಡು, ಎರಡರ ಸಂಬಳ ಕೊಡ್ತೀನಿ ಅಂದಿದ್ದನಂತೆ. ಡಾಯ್ಲ್ ಹೋಗಲಿಲ್ಲ. ಆದರೆ ನಿಮ್ಮನ್ನು ಯಾವುದಾದರೂ ಆಸ್ಪತ್ರೆ ಎರಡನೇ ಸಲ ಕರೆದಿದ್ದರೆ, ಆಸ್ಪತ್ರೆಯ ಹೆಸರಿನ ಪಕ್ಕದಲ್ಲೇ 'ಮತ್ತೆ ಕರೆದರು' ಅಂತ ತಾರೀಕಿನ ಸಮೇತ ಬರೆಯಿರಿ. ನಾನಂತೂ ಆ ಸಾಲು ಕಂಡ ತಕ್ಷಣ ಫೋನ್ ನಂಬರ್ ಎಲ್ಲಿದೆ ಅಂತ ಹುಡುಕ್ತೀನಿ, ಎಷ್ಟೋ ಜನ ಅದನ್ನೇ ಹಾಕಿರಲ್ಲ.